ಕೊನೇ ಸಾಲಿನ ಮೇಷ್ಟ್ರು

ನಮ್ಮಣ್ಣನ ಮೇಲೆ ನನಗೆ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನೇನೋ ಅವನ ಗುಣಗಾನ ಮಾಡಲು ಕೂತಿದ್ದೇನೆ ಅಂತ ಯಾರೂ ತಿಳಿಯಬಾರದು. ಗುಣಗಾನಕ್ಕೆ ಬೇಕಾದಷ್ಟು ಸರಕು ಅವನಲ್ಲಿದೆ, ಇಲ್ಲವೆನ್ನುವುದಿಲ್ಲ. ವಿಶ್ವವಿದ್ಯಾಲಯದ ಗೇಟಿಗೆ ಎದುರಾಗಿರುವ ನಮ್ಮ ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವನು ಕಣ್ಣು ಪರೀಕ್ಷೆ ಮಾಡುತ್ತಾನೆ, ನಾನು ಫ್ರೇಮ್ ಕೂರಿಸುತ್ತೇನೆ. ಮೂಗಿನ ಮೇಲೆ ಜಾರುವ ಕನ್ನಡಕ, ಕಿವಿಯ ಹಿಂದೆ ಒತ್ತುವ ಕಡ್ಡಿ, ಎಲ್ಲೋ ಬಿದ್ದುಹೋದ ಸ್ಕ್ರೂ, ಇವೆಲ್ಲ ನನ್ನ ಪಾಲು. ಕಣ್ಣು ಅವನ ಪಾಲು. ಈ ಹಂಚಿಕೆಯ ವಿಷಯದಲ್ಲಿ ನಮ್ಮಿಬ್ಬರಿಗೂ ಎಂದೂ ಜಗಳವಾಗಿಲ್ಲ. ಮಿಕ್ಕೆಲ್ಲದಕ್ಕೂ ಆಗಿದೆ.

ಅಂಗಡಿ ಅಗಲಕ್ಕಿಂತ ಉದ್ದ ಜಾಸ್ತಿ. ಮುಂದೆ ನನ್ನ ಕೌಂಟರು, ಅದರ ಹಿಂದೆ ಒಂದು ಪರದೆ, ಪರದೆಯಾಚೆ ಪರೀಕ್ಷೆಯ ಕೋಣೆ. ಕೋಣೆಯ ಈ ತುದಿಯಲ್ಲಿ ಕುರ್ಚಿ, ಆ ತುದಿಯ ಗೋಡೆಗೆ ಒಳಗೆ ದೀಪವಿರುವ ಒಂದು ಪೆಟ್ಟಿಗೆ, ಅದರ ಮೇಲೆ ಅಕ್ಷರದ ಹಾಳೆ. ಮೇಲೆ ಅಂಗೈಯಷ್ಟು ದೊಡ್ಡ ಒಂದೇ ಅಕ್ಷರ. ಕೆಳಗಿಳಿದಂತೆ ಅಕ್ಷರಗಳು ಸಣ್ಣವಾಗುತ್ತ, ಎಂಟನೇ ಸಾಲಿಗೆ ಬರುವಷ್ಟರಲ್ಲಿ ಸಾಸಿವೆ ಚೆಲ್ಲಿದ ಹಾಗೆ. ಅಣ್ಣ ಆ ಹಾಳೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಳೆಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. "ಅಕ್ಷರ ನನಗೆ ಬಾಯಿಪಾಠ. ಮುಖ ನೋಡ್ಬೇಕು ಕಣೇ. ಕಣ್ಣು ಕಿರಿದು ಮಾಡ್ಕೊಂಡು ಓದ್ತಾರೋ, ಆರಾಮಾಗಿ ಓದ್ತಾರೋ, ಎಲ್ಲಾ ಮುಖದಲ್ಲೇ ಗೊತ್ತಾಗುತ್ತೆ" ಅಂತ ನನಗೆ ನೂರು ಸಲ ಪಾಠ ಹೇಳಿದ್ದಾನೆ. ಪರೀಕ್ಷೆ ಮುಗಿಸುವ ಮುಂಚೆ ಎಲ್ಲರಿಗೂ ಒಂದೇ ಮಾತು: "ಎಲ್ಲಿ, ಕೊನೇ ಸಾಲು ಓದು." ಹುಡುಗರು ಅವನಿಗೆ ಕೊನೇ ಸಾಲಿನ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಮೊದಮೊದಲು ನಮ್ಮಲ್ಲಿಗೆ ಬರುತ್ತಿದ್ದವರು ಪ್ರೊಫೆಸರುಗಳು, ಗುಮಾಸ್ತರು, ನಲವತ್ತು ದಾಟಿದವರು. ವಿದ್ಯಾರ್ಥಿಗಳು ಬಂದರೆ ಬಣ್ಣದ ಕನ್ನಡಕ ಹಾಕಿ ನೋಡಿ, ಕನ್ನಡಿಗೆ ನಾಲ್ಕು ಪೋಸು ಕೊಟ್ಟು, ಏನೂ ಕೊಳ್ಳದೆ ಹೋಗುವುದಕ್ಕೆ ಬರುತ್ತಿದ್ದರು. ಈಗ ಅಂಗಡಿ ನಡೆಯುವುದೇ ಅವರಿಂದ. ಮೊದಲ ವರ್ಷ ಪವರ್ ಮೈನಸ್ ಒಂದೂವರೆ ಇದ್ದವನು ಮೂರನೇ ವರ್ಷಕ್ಕೆ ಮೂರೂವರೆಗೆ ಬಂದು ನಿಲ್ಲುತ್ತಾನೆ. ಕಣ್ಣುರಿ, ತಲೆನೋವು, ಮಧ್ಯಾಹ್ನದ ಕ್ಲಾಸಿನಲ್ಲಿ ಬೋರ್ಡು ಮಸುಕು, ಕಣ್ಣಲ್ಲಿ ಮರಳು ಬಿದ್ದ ಹಾಗೆ ಕರಕರ. ಅವರನ್ನೇ ಬಯ್ದು ಏನು ಬಂತು? ಪಾಠದ ನೋಟ್ಸು ಫೋನಲ್ಲಿ, ವೇಳಾಪಟ್ಟಿ ಫೋನಲ್ಲಿ, ಪರೀಕ್ಷೆಯ ಹಾಲ್‌ಟಿಕೆಟ್ಟೂ ಫೋನಲ್ಲಿ. ಆದರೆ ನಮ್ಮಣ್ಣ ಬಯ್ಯದೆ ಬಿಡುವವನಲ್ಲ.

"ದಿನಕ್ಕೆ ಎಷ್ಟು ಗಂಟೆ ನೋಡ್ತೀಯಪ್ಪಾ?"

"ಜಾಸ್ತಿ ಏನಿಲ್ಲ ಸರ್. ಮೂರು ನಾಲ್ಕು ಗಂಟೆ."

"ಎಲ್ಲಿ, ಆ ಫೋನು ಕೊಡು. ಅದರಲ್ಲೇ ಲೆಕ್ಕ ಇರುತ್ತಲ್ಲ, ನೋಡೋಣ." ನೋಡಿದರೆ ಒಂಬತ್ತು ಗಂಟೆ ಚಿಲ್ಲರೆ. "ನೋಡಮ್ಮ ತಂಗಿ, ಇವನ ಮೂರು ಗಂಟೆ!" ಅಂತ ಪರದೆ ಸರಿಸಿ ನನ್ನನ್ನು ಕರೆಯುತ್ತಿದ್ದ. ಆ ಹುಡುಗನ ಕಿವಿ ಕೆಂಪಾಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬಯ್ಗುಳ ಮುಗಿದ ಮೇಲೆ ಅವನು ತನ್ನ ಮಗಳನ್ನು ಮುಂದೆ ತಂದು ನಿಲ್ಲಿಸುತ್ತಿದ್ದ.

ಪುಟ್ಟಿ ಅವನ ಒಬ್ಬಳೇ ಮಗಳು. ಅದೇ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ, ಮೂರನೇ ವರ್ಷ. ಕ್ಲಾಸಿಲ್ಲದ ಹೊತ್ತಿನಲ್ಲಿ ಅಂಗಡಿಗೆ ಬಂದು ನನ್ನ ಪಕ್ಕ ಕೂತು ಬಿಲ್ಲು ಬರೆಯುತ್ತಾಳೆ. "ಬಾ ಪುಟ್ಟಿ ಇಲ್ಲಿ" ಅಂತ ಅಣ್ಣ ಕರೆಯುತ್ತಿದ್ದ. "ನೋಡಿ, ಇವಳೂ ನಿಮ್ಮ ಹಾಗೇ ಓದೋಳು. ಫೋನು ಇವಳ ಹತ್ರಾನೂ ಇದೆ. ಕನ್ನಡಕ ಇದೆಯಾ? ಹನಿ ಔಷಧಿ ಇದೆಯಾ? ಎರಡೂ ಕಣ್ಣಲ್ಲಿ ಕೊನೇ ಸಾಲು ಓದ್ತಾಳೆ. ಶಿಸ್ತು ಅಂದ್ರೆ ಇದು." ಪುಟ್ಟಿ ಅಪ್ಪನ ಪಕ್ಕ ಬಂದು ನಿಂತು, ತುಟಿಯಲ್ಲಷ್ಟೇ ನಕ್ಕು, ಮತ್ತೆ ಬಿಲ್ಲು ಬರೆಯಲು ಹೋಗುತ್ತಿದ್ದಳು. ನಾಚಿಕೆಯ ಹುಡುಗಿ ಅಂತ ನಾನು ಅಂದುಕೊಂಡಿದ್ದೆ.

ಮನೆಯಲ್ಲಿ ಅವಳೂ ನಾನೂ ಒಂದೇ ಕೋಣೆ. ಅತ್ತಿಗೆ, ಅಂದರೆ ಪುಟ್ಟಿಯ ಅಮ್ಮ, ಊರಾಚೆಯ ಹೊಲಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗುವವಳು. ಹಾಗಾಗಿ ಪುಟ್ಟಿ ಏಳುವುದನ್ನು, ಏಳದಿರುವುದನ್ನು ದಿನಾ ಕಾಣುತ್ತಿದ್ದವಳು ನಾನು. ಬೆಳಗ್ಗೆ ಎಚ್ಚರವಾದ ಕೂಡಲೇ ಫೋನು ಕೈಗೆ. ಎಡಮಗ್ಗುಲಿಗೆ ಮಲಗಿ, ಎಡಗೆನ್ನೆ ದಿಂಬಿನಲ್ಲಿ ಹೂತು, ಬಲಗಣ್ಣೊಂದನ್ನೇ ತೆರೆದು, ಗೇಣು ದೂರದಲ್ಲಿ ಫೋನು ಹಿಡಿದು ಗಂಟೆಗಟ್ಟಲೆ ನೋಟ್ಸು ಓದುತ್ತಿದ್ದಳು. ನೋಟ್ಸಲ್ಲದ್ದನ್ನೂ ಓದುತ್ತಿದ್ದಳು, ನಾನೇನು ಕುರುಡಿಯೇ. "ಎದ್ದು ಕೂತ್ಕೊಂಡು ನೋಡೇ" ಅನ್ನುತ್ತಿದ್ದೆ. "ಹೂಂ ಅತ್ತೆ" ಅನ್ನುತ್ತಿದ್ದಳು. ಅಲ್ಲಿಗೆ ನನ್ನ ಜವಾಬ್ದಾರಿ ಮುಗಿಯುತ್ತಿತ್ತು. ಈ ವರ್ಷದ ಅವಳ ಹುಟ್ಟುಹಬ್ಬಕ್ಕೆ ಸ್ವಲ್ಪ ದಿನ ಮುಂಚೆ ಅವಳು ಎರಡು ಸಲ ನೀರನ್ನು ಲೋಟಕ್ಕೆ ಸುರಿಯುವ ಬದಲು ಲೋಟದ ಪಕ್ಕಕ್ಕೆ ಸುರಿದಳು. "ಏನೇ, ಲೋಟ ನಿನ್ನ ಕಂಡು ಓಡಿಹೋಯ್ತಾ?" ಅಂತ ರೇಗಿಸಿದೆ. ಇಪ್ಪತ್ತಾರು ವರ್ಷ ಕನ್ನಡಕದ ಅಂಗಡಿಯಲ್ಲಿ ಕೂತವಳು ನಾನು. ಒಂದು ಕಣ್ಣು ಕೆಲಸ ಮಾಡದಿದ್ದರೆ ದೂರ ಹತ್ತಿರದ ಅಂದಾಜು ತಪ್ಪುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಸಿಟ್ಟು ಅಣ್ಣನ ಮೇಲೆ ಅಂದೆನಲ್ಲ, ಅದರಲ್ಲಿ ಅರ್ಧ ನನ್ನ ಮೇಲೇ ಇದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯುಂಟು. ಪುಟ್ಟಿಯ ಹುಟ್ಟುಹಬ್ಬದ ದಿನ ಬೆಳಗ್ಗೆ, ಅಂಗಡಿಯ ಬಾಗಿಲು ಗಿರಾಕಿಗಳಿಗೆ ತೆರೆಯುವ ಮುಂಚೆ, ಅಣ್ಣ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅಕ್ಷರ ಓದಿಸುತ್ತಾನೆ. ಅವಳಿಗೆ ನಾಲ್ಕು ವರ್ಷವಾದಾಗ ಶುರುವಾದದ್ದು. ಶಾಲೆಗೆ ಹೋಗುವ ಮುಂಚೆ ಅವಳು ಅಕ್ಷರ ಕಲಿತದ್ದೇ ಆ ಹಾಳೆಯಿಂದ. ಮೇಲಿನ "ಗ" ಅವಳು ಬರೆದ ಮೊದಲ ಅಕ್ಷರ. ಬೇರೆಯವರ ಕಣ್ಣಿಗೆ ಅಣ್ಣ ಮೊದಲು ಯಂತ್ರದಲ್ಲಿ ಪರೀಕ್ಷೆ ಮಾಡಿ, ಆಮೇಲೆ ಟಾರ್ಚಿನಂಥ ಉಪಕರಣದಿಂದ ಒಳಗೆ ಬೆಳಕು ಬಿಟ್ಟು ನೋಡಿ, ಅನಂತರವೇ ಓದಿಸುತ್ತಾನೆ. ಮಗಳಿಗೆ ಮಾತ್ರ ಅದ್ಯಾವುದೂ ಇಲ್ಲ, ಬರೀ ಓದು. ಅವಳ ಕಣ್ಣು ಚೆನ್ನಾಗಿದೆಯೆಂದು ಅವನಿಗೆ ಮೊದಲೇ ಗೊತ್ತಿತ್ತಲ್ಲ! ಅವಳು ಕೊನೇ ಸಾಲು ಓದಿ ಮುಗಿಸಿದ ಕೂಡಲೇ "ಭೇಷ್" ಅಂದು ಬೆನ್ನು ತಟ್ಟುವುದು, ಅದೇ ಹಬ್ಬ.

ಈ ವರ್ಷ ಅವಳಿಗೆ ಇಪ್ಪತ್ತೊಂದು. ಹಿಂದಿನ ಸಂಜೆ ನಾನೊಂದು ಕಿತಾಪತಿ ಮಾಡಿದ್ದೆ. ಆ ಹಳೆಯ ಹಾಳೆ ಹಳದಿಯಾಗಿ, ಅಂಚು ಕಿತ್ತು, ನಾಲ್ಕು ಕಡೆ ಟೇಪು ಹಾಕಿಸಿಕೊಂಡು ನೇತಾಡುತ್ತಿತ್ತು. ಲೆನ್ಸ್ ಕಂಪನಿಯವರು ಕೊಟ್ಟ ಹೊಸ ಹಾಳೆ ಎರಡು ವರ್ಷದಿಂದ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. "ಹಾಕೋಣ" ಅಂದರೆ ಅಣ್ಣ "ಇರ್ಲಿ ಬಿಡೇ, ಇದಕ್ಕೇನಾಗಿದೆ" ಅನ್ನುತ್ತಿದ್ದ. ಅವನು ಬೇಗ ಮನೆಗೆ ಹೋದ ಸಂಜೆ ನೋಡಿಕೊಂಡು, ಹಳೆಯದನ್ನು ಹರಿದು ಕಸದ ಬುಟ್ಟಿಗೆ ಹಾಕಿ, ಹೊಸದನ್ನು ಕೂರಿಸಿಬಿಟ್ಟೆ. ನಾಳೆ ನೋಡಿ ಎಗರಾಡಲಿ ಅಂತ ನನಗೊಂದು ತಮಾಷೆ.

ಬೆಳಗ್ಗೆ ಮೂವರೂ ಅಂಗಡಿಗೆ ಬಂದೆವು. ಪುಟ್ಟಿ ಹೊಸ ಬಟ್ಟೆ ಹಾಕಿದ್ದಳು. ಮುಖ ಮಾತ್ರ ಬಾಡಿತ್ತು, ಪರೀಕ್ಷೆ ಹತ್ತಿರ ಬಂತಲ್ಲ ಅಂದುಕೊಂಡೆ. ಅಣ್ಣ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಕೋಣೆ ಕತ್ತಲಾಗಿತ್ತು. ವಾಡಿಕೆಯ ಹಾಗೆ ಮೊದಲು ಬಲಗಣ್ಣು. ಎಡಗಣ್ಣಿಗೆ ಕಪ್ಪು ತಟ್ಟೆ ಅಡ್ಡ ಹಿಡಿದು "ದೀಪ ಹಾಕು ತಂಗಿ" ಅಂದ. ನಾನು ಪೆಟ್ಟಿಗೆಯ ದೀಪ ಹಾಕಿದೆ.

"ಗ" ಅಂದಳು ಪುಟ್ಟಿ.

ಹಾಳೆಯ ಮೇಲಿದ್ದದ್ದು "ನ". ಅಂಗೈಯಷ್ಟು ದೊಡ್ಡ "ನ".

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಹಾಳೆ ಬದಲಾದದ್ದನ್ನು ಕಂಡು ಅಪ್ಪನನ್ನು ರೇಗಿಸುತ್ತಿದ್ದಾಳೆ ಅಂದುಕೊಂಡೆ. ಅವಳು ಎರಡನೇ ಸಾಲು ಹೇಳಿದಳು, ಮೂರನೆಯದು ಹೇಳಿದಳು. ಎಲ್ಲೂ ತಡವರಿಸಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ. ಅಣ್ಣ ಅವಳ ಮುಖ ನೋಡುತ್ತ, ಪ್ರತಿ ಅಕ್ಷರಕ್ಕೂ ತಲೆಯಾಡಿಸುತ್ತ, ತುಟಿಯಲ್ಲೇ ತಾನೂ ಹೇಳಿಕೊಳ್ಳುತ್ತಿದ್ದ. ತಂದೆ ಮಗಳಿಬ್ಬರೂ ಕಸದ ಬುಟ್ಟಿಯಲ್ಲಿದ್ದ ಹಾಳೆಯನ್ನು ಓದುತ್ತಿದ್ದರು.

"ಎಲ್ಲಿ, ಕೊನೇ ಸಾಲು."

"ರ, ಣ, ಬ, ಠ, ದ, ಲ, ಪ."

"ಭೇಷ್!" ಅಂದ ಅಣ್ಣ. "ಈಗ ಎಡಗಣ್ಣು."

"ಅಣ್ಣಾ, ತಟ್ಟೆ ತೆಗೀಬೇಡ" ಅಂದೆ. "ಒಂದ್ಸಲ ಹಿಂದೆ ತಿರುಗಿ ನೋಡು."

ತಿರುಗಿ ನೋಡಿದ. ಮೇಲಿನಿಂದ ಕೆಳಗಿನವರೆಗೆ ಓದಿದ. ಮತ್ತೆ ಮೇಲಿನಿಂದ ಓದಿದ. ಹಾಳೆ ಬದಲಿಸಿದ್ದಕ್ಕೆ ಅವನು ನನ್ನ ಮೇಲೆ ಎಗರಾಡಲಿಲ್ಲ. ಮಗಳ ಕಡೆ ತಿರುಗಿ, ತೀರಾ ಮೆಲ್ಲಗೆ ಕೇಳಿದ: "ಪುಟ್ಟಿ, ಮೇಲಿನ ದೊಡ್ಡ ಅಕ್ಷರ ಯಾವುದು?"

ಅವಳಿಗೆ ಅರ್ಥವಾಯಿತು. "ಕಾಣಿಸ್ತಿಲ್ಲ ಅಪ್ಪ" ಅಂದಳು. "ದೀಪ ಹಾಕಿರೋದು ಒಂಚೂರು ಗೊತ್ತಾಗುತ್ತೆ. ಅಷ್ಟೇ."

ಅಣ್ಣ ಉಪಕರಣ ತೆಗೆದುಕೊಂಡು ಆ ಕಣ್ಣಿನೊಳಕ್ಕೆ ಬೆಳಕು ಬಿಟ್ಟ. ಆರೋಗ್ಯವಾದ ಕಣ್ಣು ಆ ಬೆಳಕಿಗೆ ಕೆಂಪಗೆ ಹೊಳೆಯಬೇಕು. ಪುಟ್ಟಿಯ ಬಲಗಣ್ಣಿನೊಳಗಿನಿಂದ ಬಂದದ್ದು ಬೂದಿಬಣ್ಣ. ಅವನು ಉಪಕರಣವನ್ನು ಡಬ್ಬಿಗೆ ಹಾಕುವುದನ್ನೂ ಮರೆತು "ನಡಿ, ಆಸ್ಪತ್ರೆಗೆ" ಅಂದ.

ಟ್ಯಾಕ್ಸಿಯಲ್ಲಿ ಪುಟ್ಟಿಯ ಬಾಯಿಂದ ವಿಷಯ ಒಂದೊಂದಾಗಿ ಹೊರಬಂತು. ಹೈಸ್ಕೂಲಿನಿಂದಲೇ ಆ ಕಣ್ಣು ದೂರಕ್ಕೆ ಮಂಜು. ಹತ್ತಿರದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಫೋನನ್ನು ಮುಖಕ್ಕೆ ಹತ್ತಿರ ತಂದಷ್ಟೂ ಸ್ಪಷ್ಟ, ಅದಕ್ಕೇ ಆ ಕಣ್ಣಲ್ಲೇ ಓದುವುದು ರೂಢಿಯಾಗಿತ್ತು. ಎಡಗಣ್ಣು ಗಟ್ಟಿಯಿದ್ದುದರಿಂದ ಓಡಾಟಕ್ಕೆ ತೊಂದರೆಯಾಗಲಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಬಲಗಣ್ಣಿನ ಸರದಿ ಬಂದಾಗ ಬಾಯಿಪಾಠ ಒಪ್ಪಿಸಿದ್ದಳು. ಒಂಬತ್ತು ದಿನದ ಹಿಂದೆ ಅದೇ ಕಣ್ಣಲ್ಲಿ ಮಿಂಚು ಹೊಡೆದ ಹಾಗಾಯಿತಂತೆ. ಆಮೇಲೆ ಮೂಲೆಯಿಂದ ಒಂದು ಕಪ್ಪು ಪರದೆ ಇಳಿಯಿತಂತೆ. ದಿನ ಹೋದಂತೆ ಪರದೆ ನಡುವಿಗೆ ಬಂತು.

"ಒಂಬತ್ತು ದಿನ!" ಅಂದೆ ನಾನು. "ನನ್ನ ಪಕ್ಕದಲ್ಲೇ ಮಲಗ್ತೀಯ, ಬಾಯಿ ಬಿಡೋಕೆ ಏನಾಗಿತ್ತೇ?"

"ಅಪ್ಪ ಅವತ್ತು ಹೇಳಿದ್ರಲ್ಲ ಅತ್ತೆ" ಅಂದಳು.

ಹೇಳಿದ್ದು ನಿಜ. ಆ ಮಿಂಚು ಹೊಡೆಯುವುದಕ್ಕೂ ವಾರದ ಹಿಂದೆ ಒಬ್ಬ ವಿದ್ಯಾರ್ಥಿನಿ ಗಾಬರಿಯಿಂದ ಓಡಿಬಂದಿದ್ದಳು. ಕತ್ತಲಲ್ಲಿ ಮಗ್ಗುಲಾಗಿ ಮಲಗಿ ಫೋನು ನೋಡಿ ಎದ್ದರೆ ಒಂದು ಕಣ್ಣು ಕಾಣುವುದೇ ಇಲ್ಲ ಅಂತ. ಅಣ್ಣ ನಕ್ಕು ಸಮಾಧಾನ ಹೇಳಿದ್ದ. ದಿಂಬಿನಲ್ಲಿ ಮುಚ್ಚಿದ್ದ ಕಣ್ಣು ಕತ್ತಲಿಗೆ ಒಗ್ಗಿರುತ್ತೆ, ಫೋನು ನೋಡಿದ ಕಣ್ಣು ಬೆಳಕಿಗೆ ಒಗ್ಗಿರುತ್ತೆ, ಅದಕ್ಕೇ ಸ್ವಲ್ಪ ಹೊತ್ತು ಮಂಕು, ಕೆಲವು ನಿಮಿಷಕ್ಕೆ ಸರಿಹೋಗುತ್ತೆ, ಏನೂ ಆಗಲ್ಲ ಹೋಗಮ್ಮ ಅಂತ. ಆ ಹುಡುಗಿಯ ಮಟ್ಟಿಗೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಪರದೆಯ ಈಚೆ ಬಿಲ್ಲು ಬರೆಯುತ್ತಿದ್ದ ಪುಟ್ಟಿ ಅದನ್ನು ಕೇಳಿಸಿಕೊಂಡು, ತನ್ನದೂ ಅದೇ ಇರಬೇಕೆಂದು ಒಂಬತ್ತು ದಿನ ಕಾದಿದ್ದಳು.

"ಆದ್ರೂ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ಮಗಳೇ?" ಅಂದ ಅಣ್ಣ.

ಪುಟ್ಟಿ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಬಂದೋರಿಗೆಲ್ಲ ನನ್ನ ಕಣ್ಣು ತೋರಿಸ್ತಿದ್ರಲ್ಲ ಅಪ್ಪ. ಹೆಂಗೆ ಹೇಳ್ಲಿ?"



ಆಸ್ಪತ್ರೆಯ ಡಾಕ್ಟರಮ್ಮ ಸುತ್ತುಬಳಸು ಮಾತಿನವರಲ್ಲ. ಆ ಕಣ್ಣಿನ ಪವರ್ ಮೈನಸ್ ಎಂಟರ ಹತ್ತಿರ ಇತ್ತು. ಅಂಥ ಕಣ್ಣಿನ ಗುಡ್ಡೆ ಉದ್ದವಾಗಿರುತ್ತದೆ, ಒಳಗಿನ ರೆಟಿನಾ ಪದರ ಎಳೆದು ತೆಳ್ಳಗಾಗಿರುತ್ತದೆ. ಅದು ಹರಿದು, ಗೋಡೆಯಿಂದ ಸುಣ್ಣದ ಚಕ್ಕೆ ಏಳುವ ಹಾಗೆ ಎದ್ದುಬಿಟ್ಟಿತ್ತು. "ನಾಳೆನೇ ಆಪರೇಷನ್ ಮಾಡೋಣ. ಅಂಟಿಸ್ತೀವಿ. ಆದ್ರೆ ನಡುಭಾಗ ಎದ್ದು ಎಷ್ಟೋ ದಿನ ಆಗಿದೆ. ದೃಷ್ಟಿ ಎಷ್ಟು ವಾಪಸ್ ಬರುತ್ತೆ ಅಂತ ಈಗ ಹೇಳಕ್ಕಾಗಲ್ಲ."

"ಫೋನಿಂದ ಆಗಿದ್ದಾ ಡಾಕ್ಟರೇ?" ಅಂತ ಕೇಳಿದ ಅಣ್ಣ. ಹೌದು ಅಂದುಬಿಡಲಿ ಅಂತ ಅವನು ಕಾಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಹಂಗೆ ಅದರ ತಲೆ ಮೇಲೆ ಹಾಕಕ್ಕಾಗಲ್ಲ. ಚಿಕ್ಕಂದಿನಿಂದಲೇ ಒಂದು ಕಣ್ಣಿಗೆ ಪವರ್ ಇದ್ದಿರಬಹುದು. ಅಷ್ಟು ಹತ್ತಿರ ಇಟ್ಕೊಂಡು ಓದಿದ್ದು ಹೆಚ್ಚು ಮಾಡಿರಬಹುದು. ಮುಂಚೆನೇ ಗೊತ್ತಾಗಿದ್ರೆ ಕಣ್ಣಿನ ಮೇಲೆ ನಿಗಾ ಇಡಬಹುದಿತ್ತು." ಆಮೇಲೆ ಫೈಲು ನೋಡುತ್ತ ಕೇಳಿದರು, "ಇಷ್ಟು ವರ್ಷದಲ್ಲಿ ಒಂದು ಸಲಾನೂ ಕಣ್ಣು ಪರೀಕ್ಷೆ ಮಾಡ್ಸಿಲ್ವಾ?"

ಅಣ್ಣ ನೆಲ ನೋಡಿದ. "ನಾನೇ ಮಾಡ್ತಿದ್ದೆ" ಅಂದ. "ನಾನು ಕಣ್ಣು ಪರೀಕ್ಷೆ ಮಾಡೋನೇ." ಡಾಕ್ಟರಮ್ಮ ಫೈಲಿನ ಬೇರೆ ಹಾಳೆ ತಿರುವಿದರು. ಅವನ ಮೇಲಿನ ನನ್ನ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಎಲ್ಲಿಗೋ ಹೋಗಿತ್ತು. ಆಮೇಲೆ ವಾಪಸ್ ಬಂತು, ಆ ಮಾತು ಬೇರೆ.

ಆಪರೇಷನ್ನು ಆಯಿತು. ಕಣ್ಣಿನೊಳಗೆ ಗ್ಯಾಸಿನ ಗುಳ್ಳೆ ತುಂಬಿ ಕಳಿಸಿದರು. ಆ ಗುಳ್ಳೆ ರೆಟಿನಾವನ್ನು ಒತ್ತಿ ಹಿಡಿಯಬೇಕಾದರೆ ಪುಟ್ಟಿ ಹತ್ತು ದಿನ ಬೋರಲಾಗಿ ಮಲಗಿರಬೇಕು, ಮುಖ ನೆಲಕ್ಕೆ. ಉಣ್ಣುವುದೂ ತಲೆ ತಗ್ಗಿಸಿಯೇ. ಅತ್ತಿಗೆ ಕಾರ್ಖಾನೆಗೆ ರಜೆ ಹಾಕಿದಳು. ಗಂಡನ ಜೊತೆ ಬೇಕಾದಷ್ಟಕ್ಕೆ ಮಾತ್ರ ಮಾತು, ಅನ್ನ ಬಡಿಸಿದೆ, ಬಾಗಿಲು ಹಾಕ್ಕೋ, ಇಷ್ಟೇ. ಅಂಗಡಿ ನನ್ನ ತಲೆಗೆ ಬಂತು. ಬಂದವರಿಗೆ ಫ್ರೇಮ್ ರಿಪೇರಿ ಮಾಡಿಕೊಟ್ಟು, ಕಣ್ಣು ಪರೀಕ್ಷೆಗೆ ಬೇರೆ ಕಡೆ ಹೋಗಿ ಅಂತ ಕಳಿಸುತ್ತಿದ್ದೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಕೋಣೆಯಿಂದ ಅಣ್ಣನ ದನಿ ಕೇಳಿಸುತ್ತಿತ್ತು. ಮಂಚದ ಅಂಚಿನಿಂದ ಆಚೆ ಚಾಚಿದ ಪುಟ್ಟಿಯ ತಲೆ, ಅದರ ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಅವನು, ಕೈಯಲ್ಲಿ ಅವಳ ಫೋನು. ಅವಳ ನೋಟ್ಸು ಓದಿ ಹೇಳುತ್ತಿದ್ದ. ಆರು ವಾರಕ್ಕೆ ಪರೀಕ್ಷೆ ಇತ್ತಲ್ಲ. ಗಿಡಗಳ ಆ ಉದ್ದುದ್ದ ಹೆಸರು ಅವನ ಬಾಯಲ್ಲಿ ಸಿಕ್ಕಿ ನರಳುತ್ತಿದ್ದವು. ಪುಟ್ಟಿ ಬೋರಲಾಗಿಯೇ ತಿದ್ದುತ್ತಿದ್ದಳು, ಒಮ್ಮೊಮ್ಮೆ ಭುಜ ಕುಣಿಯುವಷ್ಟು ನಗುತ್ತಿದ್ದಳು. ಮೂರು ದಿನಕ್ಕೆ ಅವನ ಕಣ್ಣು ಕೆಂಪಾಗಿ ನೀರು ಸುರಿಯಲು ಶುರುವಾಯಿತು. "ಎಷ್ಟು ಗಂಟೆಯಿಂದ ನೋಡ್ತಿದ್ದೀಯ ಫೋನು?" ಅಂದೆ. "ಇಷ್ಟು ಚಿಕ್ಕ ಅಕ್ಷರದಲ್ಲಿ ಈ ಮಕ್ಕಳು ಹೆಂಗೆ ಓದ್ತಾವೆ ಕಣೇ?" ಅಂದ. ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನು ಒಬ್ಬ ವಿದ್ಯಾರ್ಥಿಗೂ ಕೇಳಿರಲಿಲ್ಲ.

ಎರಡು ತಿಂಗಳಿಗೆ ಗುಳ್ಳೆ ಕರಗಿ, ಪರೀಕ್ಷೆಯೂ ಮುಗಿದು, ಡಾಕ್ಟರಮ್ಮ ಕೊನೆಯ ತಪಾಸಣೆಗೆ ಕರೆದರು. ರೆಟಿನಾ ಅಂಟಿಕೊಂಡಿದೆ ಅಂತ ಆಗಲೇ ಹೇಳಿದ್ದರು. ಉಳಿದಿದ್ದದ್ದು ಒಂದೇ, ಅದರಲ್ಲಿ ಎಷ್ಟು ಕಾಣುತ್ತದೆ ಅನ್ನುವುದು. ನಾವು ಮೂವರು ಹೋದೆವು. ಪರೀಕ್ಷೆಯ ಕೋಣೆಯ ಹೊರಗೆ ಒಂದು ಬೆಂಚು. ಒಳಗಿದ್ದ ಸಹಾಯಕಿ ಪುಟ್ಟಿಯನ್ನು ಕರೆದಳು, ಬಾಗಿಲು ಅರ್ಧ ತೆರೆದೇ ಇತ್ತು. "ನೀವೂ ಬನ್ನಿ ಸರ್" ಅಂದಳು, ಅವನ ಕೆಲಸ ಅವಳಿಗೂ ಗೊತ್ತಾಗಿತ್ತು. ಅಣ್ಣ ಬೇಡವೆಂದು ತಲೆಯಾಡಿಸಿ, ಎದ್ದು ಕಾರಿಡಾರಿನ ಕೊನೆಯ ತನಕ ನಡೆದುಹೋಗಿ ಕಿಟಕಿಯ ಹತ್ತಿರ ನಿಂತ.

ನಾನು ಹಿಂದೆಯೇ ಹೋದೆ. "ಯಾಕಣ್ಣ, ಇಲ್ಲಿಗೆ ಬಂದ್ಬಿಟ್ಟೆ?"

"ಅಲ್ಲಿದ್ರೆ ಅವಳು ಓದೋದು ಕೇಳಿಸುತ್ತೆ" ಅಂದ. "ಕೇಳಿಸ್ಕೊಂಡ್ರೆ ನಂಬಿಬಿಡ್ತೀನಿ."

ಕಾಲು ಗಂಟೆಯಾಯಿತು. ಪುಟ್ಟಿ ಹೊರಗೆ ಬಂದು ಬೆಂಚಿನಲ್ಲಿ ನಮ್ಮನ್ನು ಕಾಣದೆ, ಎಡಕ್ಕೆ ಬಲಕ್ಕೆ ಪೂರ್ತಿ ತಲೆ ತಿರುಗಿಸಿ ಹುಡುಕಿದಳು. ಬಲಗಡೆಯದನ್ನು ನೋಡಲು ಈಗ ಅವಳು ಹಾಗೇ ಪೂರ್ತಿ ತಿರುಗಬೇಕು. ಕಂಡು ನಮ್ಮ ಹತ್ತಿರ ಬಂದಳು. ಎಡಗಣ್ಣು ಗಟ್ಟಿಯಾಗಿದೆ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು ಅಂದರಂತೆ. ಬಲಗಣ್ಣಿನ ವಿಷಯ ಅವಳು ಹೇಳಲಿಲ್ಲ.

"ಬಲಗಣ್ಣಲ್ಲಿ ಓದ್ಸಿದ್ರಾ?" ಅಂದ ಅಣ್ಣ.

"ಹೂಂ. ದೊಡ್ಡ ಅಕ್ಷರ ಕೇಳಿದ್ರು. ಮುಖದ ಹತ್ರ ಬೆರಳು ತೋರ್ಸಿ ಎಷ್ಟು ಅಂತ ಕೇಳಿದ್ರು. ಕೈ ಆಡೋದು ಗೊತ್ತಾಯ್ತು, ಬೆರಳು ಗೊತ್ತಾಗ್ಲಿಲ್ಲ." ಅಪ್ಪನ ತೋಳು ಹಿಡಿದುಕೊಂಡಳು. "ಎಡಗಣ್ಣಲ್ಲಿ ಮೊದ್ಲು ಓದ್ಸಿದ್ರು ಅಪ್ಪ. ಎಲ್ಲಾ ಸಾಲೂ ನೆನಪಿತ್ತು. ಬಲಗಣ್ಣಿಗೂ ಅದನ್ನೇ ಹೇಳ್ಬಹುದಿತ್ತು. ಹೇಳ್ಲಿಲ್ಲ. ಏನೂ ಕಾಣಿಸ್ತಿಲ್ಲ ಅಂದೆ."

ಅಣ್ಣ ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡ.

"ಭೇಷ್" ಅಂದ.